ಪಿಕಪ್ಪಿನ ಆಕ್ಸಲ್ ಕುಣಿತದಿಂದಲೇ ಸೆನ್ಸರಿಗೆ ಕರೆಂಟು

ಬದಿಯಡ್ಕ, ಪೆರ್ಲ ಕಡೆ ಕೆಂಪುಕಲ್ಲು ಹೇರುವ ಪಿಕಪ್ಪಿನ ಹಿಂದಿನ ಬೇರಿಂಗ್ ಎಷ್ಟು ಬಿಸಿಯಾಗಿದೆ ಎಂದು ತಿಳಿಯಬೇಕಾದರೆ ಸೆನ್ಸರನ್ನು ಆಕ್ಸಲ್ ಮೇಲೆಯೇ ಕೂರಿಸಬೇಕು. ಅಲ್ಲಿಗೆ ಎಳೆದ ವಯರು ಬಾಗಿ ಬಾಗಿ ತುಂಡಾಗುತ್ತದೆ. ಎಂಜಿನ್ ಬಳಿ ಈ ಪಾಡು ಬೇಡ, ಬ್ಯಾಟರಿ ಪಕ್ಕದಲ್ಲೇ ಇದೆ. ಹಾಗಾಗಿ ಆಕ್ಸಲ್ ಕುಣಿದಾಗ ಬಾಗುವ ಪಟ್ಟಿಯೊಂದರಿಂದ ಅಲ್ಲೇ ಕರೆಂಟು ಹುಟ್ಟಿಸೋಣ; ಪಟ್ಟಿ ಆಕ್ಸಲಿನಷ್ಟೇ ವೇಗದಲ್ಲಿ ಕುಣಿಯುವಂತಿದ್ದರೆ ಹೆಚ್ಚು ಬಾಗುತ್ತದೆ.

ಮೊದಲು ಅಳತೆ. ಬಾಡಿ ಸೆಕೆಂಡಿಗೆ 1–2 ಸಲ ತೂಗಿದರೆ ಆಕ್ಸಲ್ ಸಾಮಾನ್ಯವಾಗಿ 10–15 ಸಲ ಕುಣಿಯುತ್ತದೆ. ಫೋನನ್ನು ಯು-ಬೋಲ್ಟ್ ಪ್ಲೇಟಿಗೆ ಅಲುಗದಂತೆ ಟೇಪು ಸುತ್ತಿ, ಫೋನಿನ ಅಲುಗಾಟ ಅಳೆಯುವ ಫೈಫಾಕ್ಸ್ ಆ್ಯಪಿನಲ್ಲಿ ಸ್ಪೆಕ್ಟ್ರಮ್ (ಸೆಕೆಂಡಿಗೆ ಎಷ್ಟು ಸಲದ ಕುಣಿತ ಜೋರು ಎಂದು ತೋರಿಸುವ ನಕ್ಷೆ) ತೆರೆದು, ಖಾಲಿ ಒಮ್ಮೆ, ಲೋಡಿನಲ್ಲಿ ಒಮ್ಮೆ ನಿಧಾನ ಓಡಿಸಿ. 12 ಹರ್ಟ್ಸ್, ಅಂದರೆ ಸೆಕೆಂಡಿಗೆ 12 ಸಲ, ಬಂತೆನ್ನಿ.

20 ಮಿ.ಮೀ. ಅಗಲ, 0.5 ಮಿ.ಮೀ. ದಪ್ಪದ ಸ್ಪ್ರಿಂಗ್ ಸ್ಟೀಲ್ ಪಟ್ಟಿಯನ್ನು 110 ಮಿ.ಮೀ. ಕತ್ತರಿಸಿ. 30 ಮಿ.ಮೀ. ಕ್ಲ್ಯಾಂಪಿನೊಳಗೆ, 80 ಹೊರಗೆ. ಕ್ಲ್ಯಾಂಪಿಗೆ ತಾಗಿದಂತೆ 20 ಮಿ.ಮೀ. ಪಿಯೆಜೊ ಬಿಲ್ಲೆಯನ್ನು (ಬಾಗಿದಾಗ ಕರೆಂಟು ಕೊಡುವ ಬಿಲ್ಲೆ) ಎಪಾಕ್ಸಿಯಲ್ಲಿ ಅಂಟಿಸಿ. ಪಟ್ಟಿ ಹೆಚ್ಚು ಬಾಗುವುದು ಬುಡದಲ್ಲೇ. ಬೆಸುಗೆ ಒಂದೆರಡು ಸೆಕೆಂಡಿನಲ್ಲಿ ಮುಗಿಯಲಿ, ಕಾದರೆ ಬೆಳ್ಳಿಪದರ ಏಳುತ್ತದೆ. ತುದಿಗೆ ಸುಮಾರು 40 ಗ್ರಾಂ ತೂಕ ಕಟ್ಟಿ, ಬೆರಳಿನಿಂದ ಮಿಡಿದು ಆಸಿಲೋಸ್ಕೋಪಿನಲ್ಲಿ ನೋಡಿ. 12 ಹರ್ಟ್ಸಿಗಿಂತ ಹೆಚ್ಚಿದ್ದರೆ ವಾಷರ್ ಸೇರಿಸಿ, ಕಡಿಮೆಯಿದ್ದರೆ ತೆಗೆಯಿರಿ.

ತುದಿಯ ಮೇಲೂ ಕೆಳಗೂ 3 ಮಿ.ಮೀ. ಅಂತರದಲ್ಲಿ ರಬ್ಬರ್ ತಡೆ ಇಡಲೇಬೇಕು. ಇಲ್ಲದಿದ್ದರೆ ಮೊದಲ ದೊಡ್ಡ ಹೊಂಡಕ್ಕೇ ಬಿಲ್ಲೆ ಬಿರುಕು ಬಿಡಬಹುದು.

ಬಿಲ್ಲೆಯ ಎರಡು ತಂತಿ ಎಲ್‌ಟಿಸಿ3588-1 ಬೋರ್ಡಿಗೆ, ಇಂಥ ಪುಟ್ಟ ಕರೆಂಟನ್ನು ಕೂಡಿಟ್ಟು ಕೊಡುವ ಚಿಪ್ ಅದು. ಎಸಿಯನ್ನು ಡಿಸಿ ಮಾಡುವ ರೆಕ್ಟಿಫಯರ್ ಅದರೊಳಗೇ ಇದೆ. ಡಿ1 ಪಿನ್ ವಿಐಎನ್2ಗೆ, ಡಿ0 ಗ್ರೌಂಡಿಗೆ ಸೇರಿಸಿದರೆ 3.3 ವೋಲ್ಟ್ ಸಿಗುತ್ತದೆ. ಇನ್‌ಪುಟ್ ಕೆಪಾಸಿಟರ್ 1000 ಮೈಕ್ರೋಫ್ಯಾರಡ್. ಅದು ಸುಮಾರು 5 ವೋಲ್ಟ್ ತುಂಬಿದಾಗ ಚಿಪ್ ಎಚ್ಚರವಾಗಿ 3.7ರ ಹತ್ತಿರ ಮಲಗುತ್ತದೆ. ಈ ನಡುವೆ ಸಿಗುವುದು 5.7 ಮಿಲಿಜೌಲ್. 10 ಮಿಲಿಆಂಪಿಯರಿನಲ್ಲಿ 20 ಮಿಲಿಸೆಕೆಂಡ್ ಎದ್ದು ಅಳೆದು ಕಳುಹಿಸುವ ಸೆನ್ಸರಿಗೆ 0.66 ಮಿಲಿಜೌಲ್ ಸಾಕು. 50 ಮೈಕ್ರೋವಾಟ್ ಬಂದರೆ ಸುಮಾರು ಎರಡು ನಿಮಿಷಕ್ಕೊಮ್ಮೆ ಇಷ್ಟು ಮತ್ತೆ ತುಂಬುತ್ತದೆ.

ಎಲ್ಲ ಸರಿಯಿದ್ದೂ 5 ವೋಲ್ಟ್ ಮುಟ್ಟದಿದ್ದರೆ ಕೆಪಾಸಿಟರನ್ನು ಅನುಮಾನಿಸಿ. 5 ಮೈಕ್ರೋಆಂಪಿಯರ್ ಸೋರಿದರೂ 25 ಮೈಕ್ರೋವಾಟ್, ಅಂದರೆ ಸಂಪಾದನೆಯ ಅರ್ಧ ಹೋಯಿತು. ಒಂದು ಗಂಟೆ 5 ವೋಲ್ಟಿನಲ್ಲಿಟ್ಟು ಬಿಡಿಸಿ, ಒಂದು ನಿಮಿಷ ಬಿಟ್ಟು ಅಳೆಯಿರಿ, 0.06 ವೋಲ್ಟಿಗಿಂತ ಹೆಚ್ಚು ಇಳಿದಿದ್ದರೆ ಬೇರೆಯದು ಹಾಕಿ. ಆ ನಿಮಿಷ ಮಲ್ಟಿಮೀಟರ್ ಸಿಕ್ಕಿಸಿಡಬೇಡಿ, ಅದೂ ಕುಡಿಯುತ್ತದೆ.

ಪೆಟ್ಟಿಗೆ ಪ್ಲಾಸ್ಟಿಕ್ಕಿನದೇ ಆಗಲಿ, ಲೋಹದ ಪೆಟ್ಟಿಗೆ ರೇಡಿಯೊ ತಡೆಯುತ್ತದೆ. ಕಡಲಿನ ಉಪ್ಪುಗಾಳಿ, ಆಟಿಯ ಮಳೆ ಸೇರಿದರೆ ಬಿಲ್ಲೆಯ ಮೇಲಿನ ತೇವದಲ್ಲೇ ಕರೆಂಟು ಸೋರುತ್ತದೆ. ಹಾಗಾಗಿ ಬಿಲ್ಲೆಗೂ ಬೆಸುಗೆಗೂ ಎರಡು ಕೈ ವಾರ್ನಿಷ್ ಹಚ್ಚಿ, ಒಣಗಿದ ಮೇಲೆ ಮುಚ್ಚಳ ಬಿಗಿಯಿರಿ.