ಮಳೆ ನೋಡಿ ಸಿಂಫನಿ: ಕೊಡಗಿನ ಮನೆಯಲ್ಲೇ ಆರು ಸಂಜೆಗಳ ಸೀಸನ್ ಕಟ್ಟುವುದು ಹೇಗೆ?

ಬರ್ಲಿನ್, ವಿಯೆನ್ನಾ, ಲಂಡನ್ನಿನಲ್ಲಿ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ನುಡಿಸುವ ದೊಡ್ಡ ವಾದ್ಯಮೇಳಗಳ, ಅಂದರೆ ಆರ್ಕೆಸ್ಟ್ರಾಗಳ ಸೀಸನ್ ಸೆಪ್ಟೆಂಬರ್ ಸುಮಾರಿಗೆ ಶುರುವಾಗಿ ಜೂನ್ ಹೊತ್ತಿಗೆ ಮುಗಿಯುತ್ತದೆ. ಕಾಫಿ ತೋಟದವರಿಗೆ ಇದು ಎಳ್ಳಷ್ಟೂ ಹೊಂದದ ಲೆಕ್ಕ. ಅಲ್ಲಿ ಸಭಾಂಗಣ ತುಂಬುವ ಡಿಸೆಂಬರಿನಲ್ಲಿ ನಮಗೆ ಅರೇಬಿಕಾ ಕೊಯ್ಲು, ಫೆಬ್ರವರಿಯಲ್ಲಿ ರೊಬಸ್ಟಾ, ಮಾರ್ಚಿನಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಬಾರದೆ ಸ್ಪ್ರಿಂಕ್ಲರ್ ಪೈಪಿನ ಹಿಂದೆ ಓಡಾಟ. ಅವರು ಬಾಗಿಲು ಹಾಕಿಕೊಂಡು ರಜೆಗೆ ಹೊರಡುವಾಗ ನಮಗೆ ಬಿಡುವು. ಮಳೆ ಹಿಡಿದ ಮೇಲೆ ಸಂಜೆ ಆರಕ್ಕೆ ಕತ್ತಲೆ, ಅಂಗಳಕ್ಕಿಳಿದರೆ ಜಿಗಣೆ. ಸೀಸನ್ ಕಟ್ಟಲು ಇದಕ್ಕಿಂತ ಒಳ್ಳೆಯ ಹೊತ್ತು ಬೇಕೆ?

ಫೋನಿನಲ್ಲಿ ಕೈಗೆ ಸಿಕ್ಕಿದ್ದನ್ನು ಕೇಳುವುದಕ್ಕೂ ಸೀಸನ್ನಿಗೂ ವ್ಯತ್ಯಾಸ ಇಷ್ಟೇ: ಯಾವ ಸಂಜೆ ಯಾವ ಕೃತಿ ಎಂದು ತಿಂಗಳುಗಳ ಮೊದಲೇ ಗೊತ್ತಾಗಿರುತ್ತದೆ, ಮನಸ್ಸಿಲ್ಲದಿದ್ದರೂ ಆ ಸಂಜೆ ಹೋಗಿ ಕೂರಬೇಕು. ಇಷ್ಟದ ಒಂದು ಕೃತಿಗೆಂದು ಟಿಕೆಟ್ ತೆಗೆದವರು ಹೆಸರೇ ಕೇಳದ ಇನ್ನೊಂದನ್ನು ಹೀಗೇ ಅಂಟಿಸಿಕೊಂಡು ಬರುತ್ತಾರೆ.

ದಿನ ಗುರುತು ಹಾಕುವುದು

ಮಳೆ ಇಂಚು ಬರೆದಿಡುವ ಪುಸ್ತಕ ಹೆಚ್ಚಿನ ತೋಟದ ಮನೆಗಳಲ್ಲಿ ಇದ್ದೇ ಇರುತ್ತದೆ. ಅದರಲ್ಲೇ ಜೂನ್ ನಡುವಿನಿಂದ ಅಕ್ಟೋಬರ್ ಮೊದಲ ವಾರದವರೆಗೆ ಆರು ಶನಿವಾರಗಳಿಗೆ ಪೆನ್ಸಿಲಿನಲ್ಲಿ ಗೆರೆ ಎಳೆಯಿರಿ. ಕೊಡವರ ಕೈಲ್‌ಪೊಳ್ದ್ ಹಬ್ಬ ಇರುವ ಸೆಪ್ಟೆಂಬರ್ ಮೊದಲ ವಾರ ಬೇಡ, ಯಾರೂ ಬರುವುದಿಲ್ಲ. ಅಕ್ಟೋಬರ್ ನಡುವಿನ ಕಾವೇರಿ ಸಂಕ್ರಮಣಕ್ಕೆ ಮುಂಚೆ ಮುಗಿಸಿಬಿಡಿ.

ಇಬ್ಬರೋ ಮೂವರೋ ಬರುವಂತಿರಲಿ. ಒಬ್ಬರೇ ಕೂತರೆ ಹತ್ತನೇ ನಿಮಿಷಕ್ಕೆ ಕೈ ಫೋನಿನ ಕಡೆ ಹೋಗುತ್ತದೆ.

ಮಳೆಗೆ ತಕ್ಕ ಕೃತಿ

ಇದನ್ನು ನಾನು ಕಲಿತದ್ದು ಪೆಟ್ಟು ತಿಂದೇ. ಮೊದಲ ವರ್ಷ ಜುಲೈ ತಿಂಗಳ ಒಂದು ಸಂಜೆ ಶೂಬರ್ಟ್‌ನ 'ಅಪೂರ್ಣ' ಸಿಂಫನಿ ಹಾಕಿದೆ. ಸಿಂಫನಿ ಅಂದರೆ ಇಡೀ ಆರ್ಕೆಸ್ಟ್ರಾಕ್ಕೆಂದು ಹಲವು ಭಾಗಗಳಲ್ಲಿ ಬರೆದ ದೊಡ್ಡ ಕೃತಿ. 'ಅಪೂರ್ಣ' ಶುರುವಾಗುವುದೇ ತಗ್ಗು ದನಿಯ ತಂತಿವಾದ್ಯಗಳಾದ ಚೆಲ್ಲೊ ಮತ್ತು ಡಬಲ್ ಬೇಸ್‌ಗಳ ಪಿಸುಮಾತಿನಲ್ಲಿ. ನಮ್ಮ ವರಾಂಡಕ್ಕೆ ಶೀಟು ಹೊದೆಸಿದೆ. ಮೇಲೆ ಮಳೆ ಬಡಿಯುತ್ತಿತ್ತು, ಕೆಳಗೆ ನಾವು ಎರಡು ನಿಮಿಷ ಏನೂ ಕೇಳಿಸದೆ ಸ್ಪೀಕರನ್ನೇ ನೋಡುತ್ತಿದ್ದೆವು. "ಇದು ಹಾಳಾಗಿದೆಯಾ?" ಎಂದರು ದೊಡ್ಡಪ್ಪ. ಅಂದಿನಿಂದ ನಮ್ಮಲ್ಲಿ ನಿಯಮ ಒಂದೇ: ಜೋರು ಮಳೆಗೆ ಜೋರು ಕೃತಿ, ಮೆತ್ತಗಿನದು ಸೆಪ್ಟೆಂಬರಿಗೆ.

ಜೂನಿಗೆ ಬೀಥೋವನ್‌ನ ಐದನೇ ಸಿಂಫನಿ. ಅರ್ಧ ಗಂಟೆ ದಾಟಿ ಸ್ವಲ್ಪ, ಅಷ್ಟೇ. ಮೊದಲ ನಾಲ್ಕು ಸ್ವರಗಳು ಯಾವ ಮಳೆಯನ್ನೂ ಸೀಳಿಕೊಂಡು ಬರುತ್ತವೆ. ಜುಲೈಗೆ ಅವನದೇ ಆರನೆಯದು, 'ಪಾಸ್ಟೊರಲ್'. ಐದು ಭಾಗಗಳಲ್ಲಿ ನಾಲ್ಕನೆಯದು ಗುಡುಗು ಮಳೆ. ಅಲ್ಲಿಯವರೆಗೆ ಸುಮ್ಮನಿದ್ದ ಟಿಂಪನಿ ನಗಾರಿಗಳು ಮೊದಲ ಬಾರಿ ಬಾಯಿ ಬಿಡುವುದು ಆಗಲೇ. ಅವನ ಮಳೆ ನಾಲ್ಕು ನಿಮಿಷದೊಳಗೆ ಬಿಡುತ್ತದೆ, ಪುಣ್ಯವಂತರು. ಎರಡನೇ ಭಾಗದ ಕೊನೆಯಲ್ಲಿ ಕೊಳಲು, ಓಬೋ, ಕ್ಲಾರಿನೆಟ್‌ಗಳು ಮೂರು ಹಕ್ಕಿಗಳಾಗಿ ಕೂಗುತ್ತವೆ: ನೈಟಿಂಗೇಲ್, ಲಾವಕ್ಕಿ, ಕೋಗಿಲೆ. ಮಕ್ಕಳಿದ್ದರೆ ಯಾವುದು ಯಾವುದೆಂದು ಹುಡುಕಲು ಬಿಡಿ. ಈ ಐದು, ಆರು ಎರಡೂ ಮೊದಲು ಹೊರಬಂದದ್ದು 1808ರ ಡಿಸೆಂಬರ್ 22ರಂದು, ವಿಯೆನ್ನಾದ ಒಂದೇ ಸಂಗೀತ ಕಚೇರಿಯಲ್ಲಿ. ಚಳಿ ಹಿಡಿದ ಸಭಾಂಗಣದಲ್ಲಿ ಜನ ನಾಲ್ಕು ಗಂಟೆ ಕೂತಿದ್ದರು. ನೀವು ಆ ಸಾಹಸಕ್ಕೆ ಹೋಗಬೇಡಿ.

ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಜಡಿಮಳೆಯ ಕಕ್ಕಡ ತಿಂಗಳ ನಟ್ಟ ನಡುವೆ ಮುಸೋರ್ಗ್‌ಸ್ಕಿಯ 'ಪ್ರದರ್ಶನದ ಚಿತ್ರಗಳು'. ಪಿಯಾನೊಗೆಂದು ಬರೆದದ್ದನ್ನು 1922ರಲ್ಲಿ ರಾವೆಲ್ ಆರ್ಕೆಸ್ಟ್ರಾಕ್ಕೆ ಅಳವಡಿಸಿದ ರೂಪವನ್ನೇ ಹುಡುಕಿ. ತುತ್ತೂರಿಯಿಂದ ಶುರು, ಗಂಟೆಗಳ ಮೊಳಗಿನಲ್ಲಿ ಮುಗಿತಾಯ. ಆಗಸ್ಟ್ ಕೊನೆಗೆ ಕನ್ಚರ್ಟೊ, ಅಂದರೆ ಒಬ್ಬ ವಾದಕ ಮುಂದೆ, ಇಡೀ ಆರ್ಕೆಸ್ಟ್ರಾ ಹಿಂದೆ. ನಮ್ಮ ಕಿವಿಗೆ ಹತ್ತಿರದ ಬಾಗಿಲಾಗಿ ರವಿಶಂಕರ್ ಸಿತಾರ್ ಕನ್ಚರ್ಟೊ ಇದೆ; 1971ರಲ್ಲಿ ಲಂಡನ್ ಸಿಂಫನಿ ಆರ್ಕೆಸ್ಟ್ರಾ ಜತೆ, ಆಂಡ್ರೆ ಪ್ರೆವಿನ್ ನಿರ್ದೇಶನದಲ್ಲಿ ನುಡಿಸಿದ್ದು. ಅದರ ಮೇಲೆ ಮೆಂಡೆಲ್ಸನ್‌ನ ವಯಲಿನ್ ಕನ್ಚರ್ಟೊ ಇಡಿ. ಭಾಗಗಳ ನಡುವೆ ಅದು ನಿಲ್ಲುವುದೇ ಇಲ್ಲ.

ಸೆಪ್ಟೆಂಬರಿನ ಸಂಜೆಗಾಗಿ ನಾನು ವರ್ಷವಿಡೀ ಕಾಯುತ್ತೇನೆ. ಮಳೆ ಬಿಟ್ಟಿರುತ್ತದೆ, ಮರದಿಂದ ಹನಿ ತೊಟ್ಟಿಕ್ಕುವುದೂ ಕೇಳುತ್ತದೆ. ಆ ದಿನ ರಿಚರ್ಡ್ ಸ್ಟ್ರಾಸ್‌ನ 'ಕೊನೆಯ ನಾಲ್ಕು ಹಾಡುಗಳು'. ಆರ್ಕೆಸ್ಟ್ರಾದ ಜತೆ ಒಂದು ಹೆಣ್ಣು ಕಂಠ. ನಾಲ್ಕರಲ್ಲಿ ಒಂದರ ಹೆಸರೇ 'ಸೆಪ್ಟೆಂಬರ್'. ಕವಿ ಹರ್ಮನ್ ಹೆಸ್ಸೆ. ತೋಟ ದುಃಖದಲ್ಲಿದೆ, ತಣ್ಣನೆ ಮಳೆ ಹೂಗಳೊಳಗೆ ಇಳಿಯುತ್ತಿದೆ ಎಂದು ಮೊದಲಾಗುತ್ತದೆ. ಕೊನೆಗೆ ಹಾಡು ನಿಂತ ಮೇಲೆ ಹಾರ್ನ್ ಎಂಬ ಸುರುಳಿ ಕೊಳವೆಯ ಊದುವಾದ್ಯ ಮಾತಾಡುತ್ತದೆ. ಸ್ಟ್ರಾಸ್‌ನ ಅಪ್ಪ ಹಾರ್ನ್ ವಾದಕ. ವಾಲಗದಲ್ಲಿ ಕೊಂಬು ಊದುವವರನ್ನು ಹತ್ತಿರದಿಂದ ನೋಡಿದವರಿಗೆ ಈ ವಾದ್ಯದ ಕಷ್ಟ ಬೇಗ ತಿಳಿಯುತ್ತದೆ. ಬೀಥೋವನ್ ಕಾಲದ ಹಾರ್ನ್‌ಗೂ ಒತ್ತುವ ಕೀಲಿಗಳಿರಲಿಲ್ಲ, ತುಟಿ ಮತ್ತು ಉಸಿರೇ ಮುಖ್ಯ ಬಂಡವಾಳ.

ಈ ಹಾಡುಗಳಿಗೆ ನಮ್ಮ ನೆರೆಯ ಮೈಸೂರಿನ ನಂಟೂ ಇದೆ. 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಕರ್ಸ್ಟನ್ ಫ್ಲಾಗ್‌ಸ್ಟಾಡ್ ಇವನ್ನು ಮೊದಲ ಬಾರಿ ಹಾಡಿದಾಗ ಫಿಲ್‌ಹಾರ್ಮೋನಿಯಾ ಆರ್ಕೆಸ್ಟ್ರಾಕ್ಕೆ ಹಣದ ಬೆಂಬಲ ಕೊಟ್ಟವರು ಜಯಚಾಮರಾಜ ಒಡೆಯರು.

ಕರೆಂಟು, ನೆಟ್‌ವರ್ಕ್, ಸ್ಪೀಕರು

ಇದನ್ನು ಬೇಗ ಮುಗಿಸುತ್ತೇನೆ. ಕರೆಂಟು ಹೋಗಿಯೇ ಹೋಗುತ್ತದೆ. ಬ್ಯಾಟರಿಯ ಸ್ಪೀಕರ್ ಇಟ್ಟುಕೊಳ್ಳಿ, ರೆಕಾರ್ಡಿಂಗನ್ನು ಹಿಂದಿನ ದಿನವೇ ಫೋನಿಗೆ ಇಳಿಸಿಕೊಳ್ಳಿ. ಟಿವಿಯ ಸ್ಪೀಕರಿನಲ್ಲಿ ಡಬಲ್ ಬೇಸ್ ಇದೆಯೆಂದೇ ಗೊತ್ತಾಗುವುದಿಲ್ಲ. ಒಂದು ವರ್ಷ ಬೇರೆ ದಾರಿಯಿಲ್ಲದೆ ಶೆಡ್ಡಿನಲ್ಲಿ ಜೀಪಿನೊಳಗೆ ಕೂತು ಕೇಳಿದೆವು. ಸದ್ದಿಗೆ ಏನೂ ಮೋಸವಾಗಲಿಲ್ಲ.

ಹಣ ಕೊಡದೆ ಪೂರ್ತಿ ಕಚೇರಿ ನೋಡಲು ಫ್ರಾಂಕ್‌ಫರ್ಟ್ ರೇಡಿಯೊ ಸಿಂಫನಿಯ ಯೂಟ್ಯೂಬ್ ಚಾನೆಲ್ ಧಾರಾಳ. ಬರ್ಲಿನ್ ಫಿಲ್‌ಹಾರ್ಮೋನಿಕ್ 2008ರಿಂದ ನಡೆಸುತ್ತಿರುವ ಡಿಜಿಟಲ್ ಕಾನ್ಸರ್ಟ್ ಹಾಲ್‌ಗೆ ಚಂದಾ ಇದೆ. ನೇರಪ್ರಸಾರದ ಆಸೆಯಿದ್ದರೆ ಗಡಿಯಾರ ನೋಡಿ: ಅಲ್ಲಿ ಬೇಸಿಗೆಯಲ್ಲಿ ರಾತ್ರಿ ಎಂಟಾದರೆ ನಮಗೆ ಹನ್ನೊಂದೂವರೆ, ಚಳಿಗಾಲದಲ್ಲಿ ಹನ್ನೆರಡೂವರೆ. ಬೆಳಗ್ಗೆ ಬೇಗ ಕೆಲಸದವರು ಬರುವ ಮನೆಗೆ ಇದು ಒಗ್ಗದು. ಜನವರಿ 1ರ ವಿಯೆನ್ನಾ ಕಚೇರಿಯೊಂದು ಮಾತ್ರ ನಮಗೆ ಮಧ್ಯಾಹ್ನ ಮೂರೂ ಮುಕ್ಕಾಲಕ್ಕೆ ಸಿಗುತ್ತದೆ. ಆದರೆ ಆಗ ಕಣದಲ್ಲಿ ಕಾಫಿ ಇರುತ್ತದೆ.

ಕೂರುವ ಕ್ರಮ

ಆರ್ಕೆಸ್ಟ್ರಾ ಶ್ರುತಿ ಮಾಡಿಕೊಳ್ಳುವಾಗ ಮೊದಲು ಒಂದೇ ಓಬೋ ಒಂದು ಸ್ವರ ಹಿಡಿಯುತ್ತದೆ, ಉಳಿದವರು ಅದಕ್ಕೆ ಸೇರುತ್ತಾರೆ. ವಿಡಿಯೊ ಹಾಕುವುದಾದರೆ ಅದನ್ನು ದಾಟಿಸಬೇಡಿ, ಕಿವಿ ಕೂರಲು ಅಷ್ಟು ಹೊತ್ತು ಬೇಕು. ಸಾಮಾನ್ಯ ಸಿಂಫನಿಗೆ ನಾಲ್ಕು ಭಾಗ. ನಡುವೆ ಚಪ್ಪಾಳೆ ತಟ್ಟಬಾರದೆಂಬುದು ಇಂದಿನ ಸಭಾ ಮರ್ಯಾದೆ. ಬೀಥೋವನ್ ಕಾಲದಲ್ಲಿ ಹಾಗಿರಲಿಲ್ಲ. 1813ರಲ್ಲಿ ಏಳನೇ ಸಿಂಫನಿಯ ಎರಡನೇ ಭಾಗವನ್ನು ವಾದಕರು ಮತ್ತೊಮ್ಮೆ ನುಡಿಸುವಂತೆ ಜನ ಮಾಡಿಯೇ ಬಿಟ್ಟರು. ಮನೆಯಲ್ಲಿ ನಿಮ್ಮಿಷ್ಟ. ನಮ್ಮ ದೊಡ್ಡಪ್ಪ ಮೊದಲ ಭಾಗಕ್ಕೇ ತಟ್ಟುತ್ತಾರೆ, ನಾವು ತಡೆಯುವುದಿಲ್ಲ. ಬಾಳೆಕಾಯಿ ಚಿಪ್ಸ್ ಮಾತ್ರ ವಿರಾಮಕ್ಕೆ ಮೊದಲು ಬೇಡ.

ಒಂದು ಸಲ ಮುಂಬೈಗೆ

ನೂರು ಜನ ಒಟ್ಟಿಗೆ ಬಿಲ್ಲು ಎಳೆದರೆ, ತುತ್ತೂರಿ ಊದಿದರೆ ಎದೆಗೆ ಬಡಿಯುವುದು ಯಾವ ಸ್ಪೀಕರಿನಲ್ಲೂ ಬರದು. 2006ರಲ್ಲಿ ಹುಟ್ಟಿದ ಸಿಂಫನಿ ಆರ್ಕೆಸ್ಟ್ರಾ ಆಫ್ ಇಂಡಿಯಾದ ನೆಲೆ ಮುಂಬೈಯ ಪ್ರದರ್ಶನ ಕಲೆಗಳ ರಾಷ್ಟ್ರೀಯ ಕೇಂದ್ರ, ಎನ್‌ಸಿಪಿಎ. ಸಾಮಾನ್ಯವಾಗಿ ವರ್ಷಕ್ಕೆ ಎರಡು ಸೀಸನ್: ಒಂದು ಫೆಬ್ರವರಿ ಆಸುಪಾಸು, ಇನ್ನೊಂದು ಸೆಪ್ಟೆಂಬರ್ ಹೊತ್ತಿಗೆ. ಮೊದಲನೆಯದು ಕೊಯ್ಲಿಗೆ ಸಿಕ್ಕಿಹಾಕಿಕೊಳ್ಳುತ್ತದೆ, ಎರಡನೆಯದಕ್ಕೆ ಪ್ರಯತ್ನಿಸಿ. ಜಿಲ್ಲೆಗೆ ರೈಲಿಲ್ಲ. ಮಂಗಳೂರಿಗೆ ಇಳಿದು ಮತ್ಸ್ಯಗಂಧ ರೈಲು ಹಿಡಿಯಬಹುದು, ಮಳೆಗೆ ಘಾಟಿ ಕುಸಿಯದಿದ್ದರೆ. ಟಿಕೆಟ್ ಮತ್ತು ದಿನ ಎರಡನ್ನೂ ಎನ್‌ಸಿಪಿಎ ಜಾಲತಾಣದಲ್ಲಿ ನೋಡಿಕೊಂಡೇ ಹೊರಡಿ.

ಕೊನೆಯ ಸಂಜೆ

ಅಕ್ಟೋಬರ್ ಮೊದಲ ವಾರ, ಹೈಡನ್‌ನ 45ನೇ ಸಿಂಫನಿ, 'ವಿದಾಯ'. 1772ರಲ್ಲಿ ಎಸ್ಟರ್‌ಹಾಜಿ ರಾಜಕುಮಾರ ತನ್ನ ಬೇಸಿಗೆಯ ಅರಮನೆಯಲ್ಲಿ ಉಳಿಯುವುದನ್ನು ಲಂಬಿಸುತ್ತಲೇ ಹೋದ, ವಾದಕರಿಗೆ ಹೆಂಡತಿ ಮಕ್ಕಳ ಬಳಿ ಹೋಗಲು ರಜೆ ಸಿಗಲಿಲ್ಲ. ಹೈಡನ್ ಬಾಯಿಬಿಟ್ಟು ಕೇಳಲಿಲ್ಲ. ಕೊನೆಯ ಭಾಗದಲ್ಲಿ ಒಬ್ಬೊಬ್ಬರೇ ನುಡಿಸುವುದು ಮುಗಿಸಿ, ಮೇಣದಬತ್ತಿ ಆರಿಸಿ ಎದ್ದು ಹೋಗುವಂತೆ ಬರೆದ. ಉಳಿಯುವುದು ಎರಡು ವಯಲಿನ್. ಮರುದಿನವೇ ಎಲ್ಲರಿಗೂ ರಜೆ ಸಿಕ್ಕಿತಂತೆ.

ನಾವು ಆ ರಾತ್ರಿ ಬಲ್ಬು ಹಾಕುವುದಿಲ್ಲ. ಮೇಜಿನ ಮೇಲೆ ಆರೇಳು ಮೇಣದಬತ್ತಿ, ಒಂದೊಂದು ವಾದ್ಯ ನಿಂತಾಗ ಒಬ್ಬೊಬ್ಬರು ಒಂದೊಂದನ್ನು ಊದಿ ಆರಿಸುತ್ತಾರೆ. ಟಾರ್ಚ್ ಎಲ್ಲಿದೆಯೆಂದು ಮೊದಲೇ ನೋಡಿಟ್ಟುಕೊಳ್ಳಿ.