ಮೊರ್ಯರ ಗುಡ್ಡದ ಬುಡದಲ್ಲಿ ಒಂದು ರಾತ್ರಿ: ಟೆಂಟ್ ಎಲ್ಲಿ ಹಾಕಬೇಕು, ಎಲ್ಲಿ ಹಾಕಲೇಬಾರದು

ಹಂಪಿ ನೋಡಿ ಬಂದವರು ಊರಿಗೊಬ್ಬರು ಸಿಗ್ತಾರೆ, ಆದ್ರೆ ಹೊಳೆ ದಾಟಿ ಗಂಗಾವತಿ ಕಡೆ ಹೋದ್ರೆ ಹಂಪಿಗಿಂತ ಸಾವಿರದೈನೂರು ವರ್ಷಕ್ಕೂ ಹೆಚ್ಚು ಹಳೇದಾದ ಜಾಗ ಒಂದಿದೆ ಅಂದ್ರೆ ಅರ್ಧ ಜನ ‘ಹೌದಾ?’ ಅಂತಾರೆ. ಅದೇ ಹಿರೇಬೆಣಕಲ್. ಗಂಗಾವತಿಯಿಂದ ಪಶ್ಚಿಮಕ್ಕೆ ಸುಮಾರು 10 ಕಿಮೀ, ಹೊಸಪೇಟೆಯಿಂದ ಸುಮಾರು 35 ಕಿಮೀ. ಊರಿನ ಪಕ್ಕದ ಏಳು ಗುಡ್ಡಗಳಲ್ಲಿ ಒಂದಕ್ಕೆ ಮೊರ್ಯರ ಗುಡ್ಡ ಅಂತಾರೆ, ಅದರ ಮೇಲೆ ಸುಮಾರು 400 ಕಲ್ಲಿನ ಗೋರಿಗಳಿವೆ. ಕ್ರಿಸ್ತಪೂರ್ವ 800ರಿಂದ 200ರ ನಡುವೆ, ಅಂದ್ರೆ ಕಬ್ಬಿಣದ ಯುಗದವರು ಕಟ್ಟಿದ್ದು. ಊರವರನ್ನ ಕೇಳಿದ್ರೆ ಅಲ್ಲಿ ಗಿಡ್ಡ ಗಿಡ್ಡ ಮೊರ್ಯರು ಅನ್ನೋ ಜನ ವಾಸ ಮಾಡ್ತಿದ್ರು, ಇವೆಲ್ಲ ಅವರ ಮನೆಗಳು ಅಂತಾರೆ. 2021ರಿಂದ ಯುನೆಸ್ಕೋದ ವಿಶ್ವ ಪರಂಪರೆ ತಾಣಗಳ ತಾತ್ಕಾಲಿಕ ಪಟ್ಟಿಲೂ ಇದೆ.

ಈಗ ಎಲ್ಲರಿಗೂ ಟೆಂಟ್ ಹುಚ್ಚು, ಡೆಕತ್ಲಾನ್‌ಗೆ ಹೋಗಿ ಹಸಿರು ಬಣ್ಣದ್ದೊಂದು ತಂದ್ಬಿಟ್ರೆ ಕ್ಯಾಂಪಿಂಗ್ ಅರ್ಧ ಮುಗೀತು ಅನ್ಕೊಂಡಿರ್ತಾರೆ. ಮುಗಿಯಲ್ಲ. ಇಂಥ ಜಾಗದಲ್ಲಿ ಟೆಂಟ್ ಕೊನೇ ಕೆಲಸ, ಮೊದಲನೇ ಕೆಲಸ ನೆಲ ಹುಡುಕೋದು. ಯಾರ ನೆಲ, ಅವರನ್ನ ಕೇಳಿದೀರಾ, ಗುಡ್ಡದಿಂದ ಎಷ್ಟು ದೂರ, ಇಷ್ಟು ಸರಿಯಾದ್ರೆ ಉಳಿದದ್ದು ತಾನಾಗೇ ಆಗುತ್ತೆ.

ಗುಡ್ಡದ ಮೇಲೆ ಬೇಡ್ವೇ ಬೇಡ

ಮೊದಲು ಇದನ್ನ ಹೇಳ್ಬಿಡ್ತೀನಿ. ಗೋರಿಗಳ ಪಕ್ಕ ಟೆಂಟ್ ಹಾಕಿ, ಬೆಳಗ್ಗೆ ಜಿಪ್ ತೆಗೆದ ತಕ್ಷಣ ಮೂರು ಸಾವಿರ ವರ್ಷದ ಕಲ್ಲು ಕಾಣ್ಬೇಕು ಅಂತ ರೀಲ್ಸ್ ನೋಡಿ ಆಸೆ ಆಗಿರುತ್ತೆ. ಅದು ಪುರಾತತ್ವ ಇಲಾಖೆಯ ರಕ್ಷಿತ ಸ್ಮಾರಕ. ಸೂರ್ಯ ಹುಟ್ಟಿದ ಮೇಲೆ ಹೋಗಿ ಮುಳುಗೋದ್ರೊಳಗೆ ಇಳೀಬೇಕು. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆ, ಅದಕ್ಕೆ 2010ರಲ್ಲಾದ ತಿದ್ದುಪಡಿ ಪ್ರಕಾರ ರಕ್ಷಿತ ಜಾಗದ ಸುತ್ತ 100 ಮೀಟರ್ ಒಳಗೆ ಏನೂ ಕಟ್ಟೋ ಹಾಗಿಲ್ಲ, ಅದರಾಚೆಗಿನ 200 ಮೀಟರ್‌ಗೂ ಅನುಮತಿ ಬೇಕು, ಇದು ನಿಮ್ಮ ಟೆಂಟ್‌ಗಿಂತ ರೆಸಾರ್ಟ್ ಮಾಡೋರಿಗೆ ಜಾಸ್ತಿ ಸಂಬಂಧಪಟ್ಟಿದ್ದು ಆದ್ರೂ ಗೊತ್ತಿರಲಿ. ಸ್ಮಾರಕದೊಳಗೆ ಅಡುಗೆ ಮಾಡೋದಕ್ಕೂ ನಿಯಮದಲ್ಲಿ ತಡೆ ಇದೆ. ಕಲ್ಲಿಗೆ ಹಾನಿ ಮಾಡಿದ್ರೆ, ಹೆಸರು ಕೆತ್ತಿದ್ರೆ, 2 ವರ್ಷದವರೆಗೆ ಜೈಲು ಇಲ್ಲಾ 1 ಲಕ್ಷದವರೆಗೆ ದಂಡ, ಎರಡೂ ಆಗಬಹುದು.

ಕಾನೂನು ಬದಿಗಿಟ್ಟು ಯೋಚಿಸಿದ್ರೂ ಬೇಡ. ಬಂಡೆ ಮೇಲೆ ಬೆಂಕಿ ಹಾಕಿದ್ರೆ ಗ್ರಾನೈಟ್ ಪದರ ಪದರವಾಗಿ ಏಳುತ್ತೆ. ಗುಡ್ಡದಲ್ಲಿ ಬಂಡೆಗಳ ಕೆಳಗೆ ಕೆಮ್ಮಣ್ಣಿನ ಚಿತ್ರಗಳೂ ಇವೆ, ಹೊಗೆ ತಾಗಿದ್ರೆ ಅವು ಹೋದಂಗೇ. ನಿಧಿ ಆಸೆಗೆ ಅಗೆದು ಚಪ್ಪಡಿ ಉರುಳಿಸಿದವರ ಕಾಟ ಸಾಲದೂ ಅಂತ ಈಗ ಟೆಂಟ್ ಹಗ್ಗ ಕಟ್ಟೋಕೆ ಗೋರಿ ಕಲ್ಲು ಎಳೆಯೋರು ಬೇರೆ.

ನೆಲ ಹುಡುಕೋದು

ಗುಡ್ಡದಿಂದ ಒಂದೆರಡು ಕಿಲೋಮೀಟರ್ ಈಚೆ, ಊರಿಗೆ ಹತ್ತಿರ ಇರೋ ಹೊಲ ಅಥವಾ ತೋಟ ಹುಡುಕಿ. ಕತ್ತಲಾದ ಮೇಲೆ ಹೋಗಿ ಯಾರದೋ ಹೊಲದಲ್ಲಿ ಟಾರ್ಚ್ ಆಡಿಸಿದ್ರೆ ಕಳ್ಳರು ಅನ್ಕೋತಾರೆ, ಅವರದ್ದೇನೂ ತಪ್ಪಿಲ್ಲ. ಮಧ್ಯಾಹ್ನ ಮೂರರೊಳಗೆ ಊರು ಸೇರಿ, ಹೋಟೆಲಲ್ಲಿ ಚಾ ಕುಡೀತಾ ವಿಚಾರಿಸಿ, ಜೊತೆಗೆ ಮರುದಿನ ಗುಡ್ಡ ಹತ್ತಿಸೋಕೆ ಒಬ್ಬರನ್ನ ಗೊತ್ತು ಮಾಡ್ಕೊಳಿ. ಹಿರಿಯರು ಸಿಕ್ಕರೆ ‘ಯಜಮಾನ್ರ, ಇವತ್ತೊಂದು ರಾತ್ರಿ ನಿಮ್ಮ ಹೊಲದಾಗ ಟೆಂಟ್ ಹಾಕ್ಕೋಬಹುದೇನ್ರಿ?’ ಅಂತ ನೇರವಾಗಿ ಕೇಳಿ. ಸಾಮಾನ್ಯವಾಗಿ ‘ಹಾಕ್ಕೋರಿ, ಬಣವಿ ಹತ್ರ ಬೆಂಕಿ ಮಾತ್ರ ಹಚ್ಚಬ್ಯಾಡ್ರಿ’ ಅನ್ನೋ ಥರದ ಉತ್ತರ ಬರುತ್ತೆ. ದುಡ್ಡಿನ ಮಾತು ಆಗಲೇ ಆಡ್ಬಿಡಿ, ಬೆಳಗ್ಗೆ ಮುಜುಗರ ಬೇಡ. ಕೆಲವರು ಬೇಡ ಅಂತಾರೆ, ಅಂಥವರ ಮನೇಲಿ ಊಟ ಮಾಡಿ ಊಟದ ದುಡ್ಡು ಅಂತ ಕೊಡಿ.

ಹೊಲ ಸಿಕ್ಕ ಮೇಲೆ ಕೇಳಬೇಕಾದ ಪ್ರಶ್ನೆ ಒಂದಿದೆ, ಯಾವ ಟ್ರೆಕ್ಕಿಂಗ್ ವಿಡಿಯೋದಲ್ಲೂ ಇದನ್ನ ಹೇಳಲ್ಲ: ರಾತ್ರಿ ತ್ರೀ ಫೇಸ್ ಕರೆಂಟ್ ಎಷ್ಟೊತ್ತಿಗೆ ಬರುತ್ತೆ? ಪಂಪ್‌ಸೆಟ್ ಇರೋ ಕಡೆ ಕರೆಂಟ್ ಬಂದಾಗಲೇ ನೀರು ಬಿಡೋದು, ಅದು ನಡುರಾತ್ರಿ ಎರಡು ಗಂಟೆ ಆದ್ರೂ ಆಗಬಹುದು. ನೀರು ಹಾಯೋ ಮಡಿಯಲ್ಲಿ ಮಲಗಿದ್ರೆ ಮ್ಯಾಟ್ ಸಮೇತ ತೇಲ್ತೀರ. ಔಷಧಿ ಯಾವಾಗ ಹೊಡೆದ್ರು ಅಂತಲೂ ಕೇಳಿ, ಹೊಸದಾಗಿ ಸ್ಪ್ರೇ ಮಾಡಿರೋ ಹೊಲದ ಪಕ್ಕ ಬೇಡ.

ಗಂಗಾವತಿ ಸುತ್ತ ತುಂಗಭದ್ರಾ ಎಡದಂಡೆ ಕಾಲುವೆ ನೀರು ಬರೋದ್ರಿಂದ ಎತ್ತ ನೋಡಿದ್ರೂ ಭತ್ತ. ಮಳೆಗಾಲದ ಬೆಳೆ ನವೆಂಬರ್-ಡಿಸೆಂಬರ್‌ಗೆ ಕೊಯ್ಲಾಗುತ್ತೆ, ಆಮೇಲೆ ಕೆಲವು ವಾರ ಗದ್ದೆ ಖಾಲಿ. ಖಾಲಿ ಅಂತ ಗದ್ದೆಯೊಳಗೇ ಹಾಕಬೇಡಿ, ಕೊಯ್ದ ಭತ್ತದ ಕೂಳೆ ಟೆಂಟಿನ ತಳ ಚುಚ್ಚಿ ತೂತು ಮಾಡುತ್ತೆ, ಕೆಳಗೆ ತೇವ ಬೇರೆ. ನನ್ನ ಕೇಳಿದ್ರೆ ಎಲ್ಲಕ್ಕಿಂತ ಒಳ್ಳೇ ಜಾಗ ಕಣ, ಅಂದ್ರೆ ರಾಶಿ ಮಾಡೋ ಕಣ. ಗಟ್ಟಿ ನೆಲ, ಸಪಾಟು, ಗುಡಿಸಿರ್ತಾರೆ, ಸುತ್ತ ಬಯಲಾಗಿರೋದ್ರಿಂದ ಹಾವು ಬಂದ್ರೂ ಕಾಣುತ್ತೆ. ಆದ್ರೆ ರಾಶಿ ನಡೀತಿರೋ ದಿನಗಳಲ್ಲಿ ಕಣ ಕೇಳಲೇಬಾರದು. ತೆಂಗಿನಮರದ ಕೆಳಗೂ ಬೇಡ, ಬಣವೆ ಪಕ್ಕನೂ ಬೇಡ, ಅಲ್ಲಿ ಇಲಿ, ಇಲಿ ಹಿಂದೆ ಹಾವು.

ಯಾವಾಗ ಹೋಗೋದು

ನವೆಂಬರ್ ಕೊನೆಯಿಂದ ಫೆಬ್ರವರಿ ಮಧ್ಯದವರೆಗೆ. ಏಪ್ರಿಲ್-ಮೇನಲ್ಲಿ ಇಲ್ಲಿ 40 ಡಿಗ್ರಿ ಮಾಮೂಲಿ, ಹಗಲೆಲ್ಲ ಕಾದ ಬಂಡೆ ರಾತ್ರಿ ಹನ್ನೊಂದಾದ್ರೂ ಕಾವು ಬಿಡ್ತಾನೇ ಇರುತ್ತೆ, ರೊಟ್ಟಿ ಹಂಚಿನ ಪಕ್ಕ ಮಲಗಿದಂಗೆ. ಸೆಪ್ಟೆಂಬರ್-ಅಕ್ಟೋಬರ್ ಗುಡ್ಡ ಹಸಿರಾಗಿ ಚಂದ ಇರುತ್ತೆ ನಿಜ, ಆದ್ರೆ ಜೋರು ಮಳೆ ಬರೋದೂ ಆಗಲೇ, ಎರೆಮಣ್ಣು ಬೂಟಿಗೆ ಅಂಟ್ಕೊಂಡು ಒಂದೊಂದು ಕಾಲು ಎರಡೆರಡು ಕೆಜಿ ಆಗುತ್ತೆ.

ಸಾಮಾನು

ಬೆಂಗಳೂರಿಂದ ಬರೋರು ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದ್ರೆ ಬೆಳಗ್ಗೆ ಹೊಸಪೇಟೆ, ಅಲ್ಲಿಂದ ಗಂಗಾವತಿಗೆ ಬಸ್. ಟ್ರೈನಲ್ಲಿ ಬರೋದಾದ್ರೆ ಆ ಪುಟ್ಟ ಗ್ಯಾಸ್ ಕ್ಯಾನ್ ತರಬೇಡಿ, ರೈಲ್ವೆ ಕಾಯ್ದೆ 164ನೇ ಸೆಕ್ಷನ್‌ನಲ್ಲಿ ಬೆಂಕಿ ಹತ್ತೋ ವಸ್ತು ಒಯ್ದರೆ 3 ವರ್ಷದವರೆಗೆ ಜೈಲು ಅಂತ ಇದೆ. ಅಷ್ಟಕ್ಕೂ ಈ ಸೀಮೇಲಿ ಸ್ಟವ್ ಯಾಕೆ ಬೇಕು? ಕಟಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಚಟ್ನಿಪುಡಿ, ಒಂದು ಡಬ್ಬಿ ಮೊಸರು, ಈರುಳ್ಳಿ, ಹಸಿಮೆಣಸಿನಕಾಯಿ ಇದ್ರೆ ಊಟ ಆಯ್ತು. ಕಟಕ್ ರೊಟ್ಟಿ ವಾರಗಟ್ಟಲೆ ಕೆಡಲ್ಲ, ತೂಕ ಇಲ್ಲ, ಪಾತ್ರೆ ತೊಳೆಯೋ ಕೆಲಸ ಇಲ್ಲ, ಕ್ಯಾಂಪಿಂಗ್‌ಗೆ ಅಂತಲೇ ಕಂಡುಹಿಡಿದಂಗಿದೆ. ಪ್ಯಾಕೆಟ್ ನೂಡಲ್ಸ್ ತರೋರ ಬಗ್ಗೆ ನಾನೇನೂ ಹೇಳಲ್ಲ.

ಟೆಂಟ್ ಮಾತ್ರ ಕಂಬಿಯ ಬಲದಲ್ಲೇ ನಿಲ್ಲೋ ಗುಮ್ಮಟದ ಥರದ್ದು ತಗೊಳಿ, ಇಬ್ಬರಿಗೆ ಮೂರು ಜನದ್ದು. ಈ ಕಡೆ ಅರ್ಧ ಅಡಿ ಮಣ್ಣು ತೆಗೆದ್ರೆ ಬಂಡೆ ಸಿಗೋ ಜಾಗಗಳೇ ಜಾಸ್ತಿ, ಗೂಟ ಹೊಡೆದ್ರೆ ಗೂಟವೇ ಬಾಗುತ್ತೆ. ಕೆಳಗೆ ಹಾಸೋಕೆ ಒಂದು ದಪ್ಪ ತಾಡಪಾಲು, ಅದರ ಅಂಚು ಟೆಂಟಿನಿಂದ ಆಚೆ ಬರದಂಗೆ ಒಳಗೆ ಮಡಚಿ, ಇಲ್ಲಾಂದ್ರೆ ಇಬ್ಬನಿ ನೀರೆಲ್ಲ ಒಳಗೇ. ಮೇಲೆ ಫೋಮ್ ಮ್ಯಾಟ್, ಮ್ಯಾಟ್ ಮೇಲೆ ಕೌದಿ. ಸ್ಲೀಪಿಂಗ್ ಬ್ಯಾಗ್ ಇದ್ರೆ ತನ್ನಿ, ಡಿಸೆಂಬರ್‌ನಲ್ಲಿ ಬೆಳಗಿನ ಜಾವ 15 ಡಿಗ್ರಿ ಹತ್ರ ಬರುತ್ತೆ, ಆದ್ರೆ ಹೊದಿಯೋಕೊಂದು ಹಾಸೋಕೊಂದು ಕೌದಿ ಇದ್ರೆ ಅದೇ ಸಾಕು. ಇನ್ನು ಹೆಡ್‌ಟಾರ್ಚ್, ಸೊಳ್ಳೆ ಕ್ರೀಮ್ (ಭತ್ತದ ಸೀಮೆ, ಸೊಳ್ಳೆ ಬಿಡಲ್ಲ), ಒಂದು ಕೋಲು, ಕಸ ತುಂಬೋಕೆ ಗೋಣಿಚೀಲ.

ಹಾಕೋ ಕ್ರಮ

ಬೆಳಕಿರುವಾಗಲೇ ಶುರು ಮಾಡಿ. ಜಾಗದಲ್ಲಿ ಮೊದಲು ನೀವೇ ಒಮ್ಮೆ ಮಲಗಿ ನೋಡಿ, ನಿಂತಾಗ ಕಾಣದ ಇಳಿಜಾರು ಬೆನ್ನಿಗೆ ಗೊತ್ತಾಗುತ್ತೆ. ಸ್ವಲ್ಪ ಇಳಿಜಾರು ಇದ್ರೆ ತಲೆ ಎತ್ತರದ ಕಡೆ. ಕಲ್ಲು, ಜಾಲಿ ಮುಳ್ಳು ಆರಿಸಿ ತೆಗೀರಿ, ಜಾಲಿ ಮುಳ್ಳು ಚಪ್ಪಲಿ ದಾಟಿ ಬರುತ್ತೆ, ಟೆಂಟಿನ ಬಟ್ಟೆ ಯಾವ ಲೆಕ್ಕ. ಬಾಗಿಲು ಗಾಳಿಗೆ ಬೆನ್ನು ಮಾಡಿರಲಿ. ಗೂಟ ಇಳಿಯೋ ಮಣ್ಣಾದ್ರೆ ಟೆಂಟಿನಿಂದ ಆಚೆಗೆ ವಾಲಿಸಿ ಹೊಡೀರಿ, ಇಳಿಯದಿದ್ರೆ ಹಗ್ಗಕ್ಕೆ ಹೊಲದ ಬದುವಿನ ಸಡಿಲ ಕಲ್ಲು ಕಟ್ಟಿ, ಬೆಳಗ್ಗೆ ಅದೇ ಜಾಗಕ್ಕೆ ವಾಪಸ್ ಇಡಿ. ಮೇಲಿನ ಹೊದಿಕೆ ಬಿಗಿಯಾಗಿ ಎಳೆದು ಗಾಳಿ ಕಿಂಡಿ ತೆರೆದಿಡಿ, ಚಳಿ ಅಂತ ಎಲ್ಲಾ ಮುಚ್ಚಿಕೊಂಡ್ರೆ ನಿಮ್ಮ ಉಸಿರೇ ನೀರಾಗಿ ಮುಖದ ಮೇಲೆ ಬೀಳುತ್ತೆ.

ಬೂಟು ಒಳಗಿರಲಿ, ಬೆಳಗ್ಗೆ ಹಾಕೋ ಮುಂಚೆ ಕೊಡವಿ, ಚೇಳಿಗೆ ಬೂಟಂದ್ರೆ ಇಷ್ಟ. ರಾತ್ರಿ ಎದ್ದರೆ ಟಾರ್ಚ್ ಇಲ್ಲದೆ ಒಂದು ಹೆಜ್ಜೆನೂ ಇಡಬೇಡಿ, ಗದ್ದೆ ಬದುಗಳಲ್ಲಿ ಕೊಳಕುಮಂಡಲ ಇರುತ್ತೆ. ಕಚ್ಚಿದ್ರೆ ಬಿಗಿಯಾಗಿ ಕಟ್ಟೋದು, ಕುಯ್ಯೋದು, ನಾಟಿ ಔಷಧ ಯಾವುದೂ ಬೇಡ, ಕೈಕಾಲು ಅಲ್ಲಾಡಿಸದೆ 108ಕ್ಕೆ ಫೋನ್ ಮಾಡಿ ಗಂಗಾವತಿ ಆಸ್ಪತ್ರೆಗೆ. ಗುಡ್ಡಗಳಲ್ಲಿ ಚಿರತೆನೂ ಇದೆ ಕರಡಿನೂ ಇದೆ, ಅದಕ್ಕೇ ಊರಿಗೆ ಹತ್ತಿರ ಇರಿ ಅಂದಿದ್ದು, ಊಟದ ಎಂಜಲು ಟೆಂಟ್ ಹತ್ರ ಬಿಡಬೇಡಿ. ಬಹಿರ್ದೆಸೆಗೆ ಮನೆಯವರ ಟಾಯ್ಲೆಟ್ ಕೇಳಿ, ಆಗದಿದ್ರೆ ನೀರಿನಿಂದ ದೂರ ಹೋಗಿ ಗೇಣುದ್ದ ಗುಂಡಿ ತೋಡಿ, ಮಣ್ಣು ಮುಚ್ಚಿ.

ಕಾಲುವೆ ದಂಡೆ ವಿಷಯ ಬೇರೆಯಾಗೇ ಹೇಳಬೇಕು. 2025ರ ಮಾರ್ಚ್‌ನಲ್ಲಿ ಸಣಾಪುರದ ಹತ್ರ ರಾತ್ರಿ ಕಾಲುವೆ ದಂಡೇಲಿ ನಕ್ಷತ್ರ ನೋಡ್ತಾ ಕೂತಿದ್ದವರ ಮೇಲೆ ದೌರ್ಜನ್ಯ ನಡೆದು, ನೀರಿಗೆ ತಳ್ಳಿದವರಲ್ಲಿ ಒಬ್ಬರು ತೀರಿಕೊಂಡ್ರು. ಅದಕ್ಕಿಂತ ಒಂದು ತಿಂಗಳ ಹಿಂದೆ ಅಲ್ಲೇ ಹೊಳೆಗೆ ಹಾರಿದ ಯುವ ವೈದ್ಯೆಯೊಬ್ಬರು ಸೆಳವಿಗೆ ಸಿಕ್ಕು ಹೋದ್ರು. ಕಾಲುವೆಯ ಕಾಂಕ್ರೀಟ್ ಗೋಡೆ ಪಾಚಿ ಕಟ್ಟಿ ಜಾರುತ್ತೆ, ಈಜು ಬಂದವರಿಗೂ ಹತ್ತೋಕಾಗಲ್ಲ. ನಕ್ಷತ್ರ ಕಣದಿಂದಲೂ ಅಷ್ಟೇ ಚೆನ್ನಾಗಿ ಕಾಣ್ತವೆ, ರಾತ್ರಿ ನೀರಿನ ಹತ್ರ, ನಿರ್ಜನ ಜಾಗದ ಹತ್ರ ಹೋಗಬೇಡಿ. ತುರ್ತಿಗೆ 112.

ಗ್ಲಾಂಪಿಂಗ್ ಬೇಕು ಅನ್ನೋರಿಗೆ

ಮಂಚ, ಹಾಸಿಗೆ, ಬಾತ್‌ರೂಮ್ ಇರೋ ದೊಡ್ಡ ಕ್ಯಾನ್ವಾಸ್ ಟೆಂಟ್ ಬೇಕಂದ್ರೆ ಆನೆಗೊಂದಿ, ಸಣಾಪುರ ಕಡೆ ನೋಡಬೇಕು, ಅಲ್ಲಿಂದ ಹಿರೇಬೆಣಕಲ್‌ಗೆ ಬೈಕಲ್ಲೋ ಕಾರಲ್ಲೋ ಬರೋದು. ವಯಸ್ಸಾದ ಅಪ್ಪ-ಅಮ್ಮ, ಚಿಕ್ಕ ಮಕ್ಕಳು ಇದ್ರೆ ಇದೇ ವಾಸಿ, ಇದರಲ್ಲಿ ನಾಚಿಕೆ ಏನಿಲ್ಲ. ಬುಕ್ ಮಾಡೋ ಮುಂಚೆ ಫೋಟೋ ನೋಡೋದು ಬಿಟ್ಟು ಫೋನ್ ಮಾಡಿ. ಲೈಸೆನ್ಸ್ ಇದೆಯಾ ಅಂತ ಮೊದಲು ಕೇಳಿ. ಈ ಪ್ರದೇಶಕ್ಕೆ ಹಂಪಿ ಪ್ರಾಧಿಕಾರ ಅಂತ 2002ರ ಕಾಯ್ದೆಯಡಿ ಬಂದ ಸಂಸ್ಥೆ ಇದೆ, ಹಂಪಿಯಿಂದ ಹೊಳೆಯಾಚೆ ಇರೋ ವಿರೂಪಾಪುರ ಗಡ್ಡೆಯ ರೆಸಾರ್ಟ್‌ಗಳನ್ನ ಸುಪ್ರೀಂ ಕೋರ್ಟ್ ತೀರ್ಪಿನ ಮೇಲೆ 2020ರಲ್ಲಿ ಕೆಡವಿದ್ದು ಎಲ್ಲರಿಗೂ ನೆನಪಿದೆ. ಅನುಮತಿ ಇಲ್ಲದ ಕಡೆ ಅಡ್ವಾನ್ಸ್ ಕಟ್ಟಿದ್ರೆ ನೀವು ಹೋಗೋ ಹೊತ್ತಿಗೆ ಗೇಟಿಗೆ ಬೀಗ ಇರಬಹುದು.

ಆಮೇಲೆ ನೆರಳು ಇದೆಯಾ ಕೇಳಿ. ಬಯಲಲ್ಲಿರೋ ಕ್ಯಾನ್ವಾಸ್ ಟೆಂಟ್ ಬೆಳಗ್ಗೆ ಒಂಬತ್ತಕ್ಕೇ ಕಾದುಹೋಗುತ್ತೆ, ಏಸಿ ಇದ್ರೂ ತಣ್ಣಗಾಗಲ್ಲ, ಮರದ ನೆರಳು ಅಥವಾ ಮೇಲೊಂದು ಗರಿ ಚಪ್ಪರ ಇರಲೇಬೇಕು. ರಾತ್ರಿ ಡಿಜೆ ಇದೆಯಾ, ಎಷ್ಟೊತ್ತಿಗೆ ನಿಲ್ಲಿಸ್ತೀರ? ಜನರೇಟರ್ ಎಲ್ಲಿಟ್ಟಿದೀರ? ಬಾತ್‌ರೂಮ್ ನೀರು ಎಲ್ಲಿಗೆ ಹೋಗುತ್ತೆ, ಗುಂಡಿಗಾ ಹೊಳೆಗಾ? ಈ ಕೊನೇ ಪ್ರಶ್ನೆಗೆ ತಡವರಿಸಿದ್ರೆ ಬೇರೆ ಜಾಗ ನೋಡಿ.

ಗುಡ್ಡ ಹತ್ತೋದು

ಬೆಳಕು ಹರಿದ ತಕ್ಷಣ ಹೊರಡಿ. ದಾರಿ ಕುರುಚಲು ಗಿಡ, ಬಂಡೆಗಳ ನಡುವೆ ಸುತ್ತಿಕೊಂಡು ಹೋಗುತ್ತೆ, ಗೊತ್ತಿಲ್ಲದವರು ತಪ್ಪಿಸ್ಕೊಳ್ಳೋದು ಸುಲಭ, ನಿನ್ನೆ ಗೊತ್ತು ಮಾಡಿದವರನ್ನ ಮುಂದೆ ಬಿಟ್ಕೊಳ್ಳಿ, ಅವರ ಕೂಲಿ ಕೊಡಿ. ಮೇಲೆ ಅಂಗಡಿ ಗಿಂಗಡಿ ಇಲ್ಲ, ತಲೆಗೆ ಮೂರು ಲೀಟರ್ ನೀರು ಬೇಕು. ಮೇಲೊಂದು ಕೆರೆ ಇದೆ, ಗೋರಿ ಕಟ್ಟೋಕೆ ಚಪ್ಪಡಿ ಎಬ್ಬಿಸಿದ ಜಾಗವೇ ಕೆರೆ ಆಗಿದ್ದು ಅಂತ ತಿಳಿದವರು ಹೇಳ್ತಾರೆ, ಆ ನೀರು ಕುಡಿಯೋಕಲ್ಲ.

ಹತ್ತಿದ ಮೇಲೆ ಅವಸರ ಮಾಡಬೇಡಿ. ಸಣ್ಣ ಸಣ್ಣ ಗೋರಿಗಳು ಮೊದಲು ಸಿಗ್ತವೆ, ನೋಡ್ತಾ ನೋಡ್ತಾ ಆಳೆತ್ತರ ಮೀರಿದ ಚಪ್ಪಡಿಗಳ ಮನೆಗಳೇ ಸಾಲಾಗಿ ಬರ್ತವೆ. ಮೂರು ಕಡೆ ಚಪ್ಪಡಿ ನಿಲ್ಲಿಸಿ, ನಾಲ್ಕನೇದರಲ್ಲಿ ದುಂಡನೆ ಕಿಂಡಿ ಕೊರೆದು, ಮೇಲೆ ಇನ್ನೊಂದು ಚಪ್ಪಡಿ ಹೊದಿಸಿದಾರೆ, ಗಾರೆ ಇಲ್ಲ ಏನಿಲ್ಲ. ಸುರಪುರದಲ್ಲಿ ಅಧಿಕಾರಿಯಾಗಿದ್ದ ಮೆಡೋಸ್ ಟೇಲರ್ 19ನೇ ಶತಮಾನದಲ್ಲೇ ಇವುಗಳ ಬಗ್ಗೆ ಬರೆದಿದ್ದ. ಕಿಂಡಿಯೊಳಗೆ ತಲೆ ಹಾಕಿ ಫೋಟೋ ತೆಗೆಸ್ಕೊಳ್ಳೋ ಚಟ ಬೇಡ, ವಾಲಿರೋ ಕಲ್ಲುಗಳು ಎಷ್ಟು ಭದ್ರ ಅಂತ ಹೇಳೋಕಾಗಲ್ಲ, ಒಳಗೆ ಜೇನೋ ಹಾವೋ ಇದ್ರೂ ಇರಬಹುದು. ದೊಡ್ಡ ಬಂಡೆಯೊಂದರ ಮೇಲೆ ನಗಾರಿ ಕಲ್ಲು ಇದೆ, ಎರಡು ಮೀಟರ್‌ಗೂ ಹೆಚ್ಚು ಅಗಲದ ಅರ್ಧಗೋಲ. ಬಡಿದ್ರೆ ಕಿಲೋಮೀಟರ್ ದೂರಕ್ಕೆ ಕೇಳುತ್ತಂತೆ. ಬಂದವರೆಲ್ಲ ಕಲ್ಲು ತಗೊಂಡು ಬಡೀತಾ ಹೋದ್ರೆ ಅದೆಷ್ಟು ದಿನ ಇದ್ದೀತು, ನೀವು ಬಡೀಬೇಡಿ, ಜೊತೆ ಬಂದವರು ಬಡಿದು ತೋರಿಸ್ತೀನಿ ಅಂದ್ರೂ ಬೇಡ ಅನ್ನಿ.

ಹತ್ತು ಹತ್ತೂವರೆಗೆ ಇಳಿಯೋಕೆ ಶುರು ಮಾಡಿದ್ರೆ ಬಿಸಿಲು ತಲೆಗೇರೋ ಮುಂಚೆ ಹೊಲ ಸೇರ್ತೀರ. ಅಷ್ಟರಲ್ಲಿ ಇಬ್ಬನಿಗೆ ನೆನೆದ ಟೆಂಟ್ ಒಣಗಿರುತ್ತೆ, ಹಸಿ ಇರುವಾಗಲೇ ಮಡಚಿದ್ರೆ ಬೂಷ್ಟು ಹಿಡಿದು ವಾಸನೆ ಬರುತ್ತೆ. ಕಸದ ಚೀಲ ಊರಲ್ಲಿ ಬಿಡಬೇಡಿ, ಗಂಗಾವತಿವರೆಗೆ ತನ್ನಿ. ಹಂಪಿ ಎಕ್ಸ್‌ಪ್ರೆಸ್ ರಾತ್ರಿ ಇರೋದ್ರಿಂದ ಮಧ್ಯಾಹ್ನ ಪೂರ್ತಿ ಕೈಲಿರುತ್ತೆ, ಗಂಗಾವತಿಯಲ್ಲಿ ಮಿರ್ಚಿ ಬಜ್ಜಿ ಮಂಡಕ್ಕಿ ತಿಂದು, ಮೊಣಕಾಲು ಇನ್ನೂ ಮಾತು ಕೇಳ್ತಿದ್ರೆ ಅಂಜನಾದ್ರಿಯ 575 ಮೆಟ್ಟಿಲು ಹತ್ತಿ, ಕೇಳದಿದ್ರೆ ಆನೆಗೊಂದಿ ಬೀದಿಗಳಲ್ಲಿ ಅಡ್ಡಾಡ್ಕೊಂಡು ಹೊಸಪೇಟೆ ಬಸ್ ಹಿಡೀರಿ.