ವಾಕಿಂಗ್‌ನಲ್ಲಿ ನಾಯಿ ಜಗಳ: ಇನ್ನೊಬ್ಬ ಯಜಮಾನರ ಜೊತೆ ಮಾತಾಡುವುದು ಹೇಗೆ?

ಬೆಳಿಗ್ಗೆ ಆರೂವರೆ, ತಣ್ಣೀರುಬಾವಿ ಬೀಚು. ಗಾಳಿಮರಗಳ ಕಡೆಯಿಂದ ದೊಡ್ಡದೊಂದು ಲ್ಯಾಬ್ರಡಾರ್ ನಮ್ಮ ಬೊಳ್ಳುವಿನ ಮೇಲೆ ಓಡಿ ಬಂತು. ಕುತ್ತಿಗೆಯಲ್ಲಿ ಬೆಲ್ಟ್ ಉಂಟು, ಚೈನ್ ಇಲ್ಲ. ಯಜಮಾನರು ತುಂಬ ಹಿಂದೆ. ಅಲ್ಲಿಂದಲೇ ಕೈ ಎತ್ತಿ ಕೂಗಿದರು, "ಎಂತ ಮಾಡುದಿಲ್ಲ ಮಾರಾಯ್ರೆ, ಅದು ಪಾಪದ್ದು!"

ಪಾಪದ್ದೇ ಇರಬಹುದು. ಬೊಳ್ಳುವಿಗೆ ಅದು ಗೊತ್ತಾಗುವುದು ಹೇಗೆ? ಅವನು ಬೀದಿಯಿಂದ ಬಂದವನು. ಮರಿಯಾಗಿದ್ದಾಗ ದೊಡ್ಡ ನಾಯಿಯೊಂದು ಕಚ್ಚಿ ಅವನ ಬಲಗಿವಿಯ ತುದಿಯೇ ಹೋಗಿದೆ. ಅವನು ಹಲ್ಲು ತೋರಿಸಿದ, ನಾನು ಚೈನ್ ಜಗ್ಗಿ ಕಿರುಚಿದೆ, ಅವರೂ ಕಿರುಚಿದರು. ನಾಯಿಗಳು ಬೇಗ ಬಿಟ್ಟವು. ನಾವಿಬ್ಬರು ಬಿಡಲಿಲ್ಲ. ಮನೆಗೆ ಬಂದು ಮೈ ಒರೆಸುವಾಗ ನೋಡಿದರೆ ಬೊಳ್ಳುವಿನ ಕುತ್ತಿಗೆಯ ಕೂದಲಿಗೆ ರಕ್ತ ಅಂಟಿತ್ತು. ಆ ನಾಯಿಗೆ ರೇಬೀಸ್ ಲಸಿಕೆ ಆಗಿದೆಯಾ? ಕೇಳಿರಲಿಲ್ಲ. ಅವರ ಫೋನ್ ನಂಬರ್? ಅದೂ ಇಲ್ಲ. ಕೇಳಲೇಬೇಕಾಗಿದ್ದ ಎರಡು ಮಾತು ಬಿಟ್ಟು ಬೇರೆ ಎಲ್ಲವನ್ನೂ ಆಡಿ ಬಂದಿದ್ದೆ.

ನಾಯಿ ಜಗಳದಲ್ಲಿ ನಮಗೆ ಬೇಕಾದ ಮಾಹಿತಿ ಇರುವುದು ಎದುರಿಗಿರುವ ಮನುಷ್ಯನ ಹತ್ತಿರವೇ. ಅವರು ಸಿಟ್ಟಾಗಿ ಹೊರಟುಹೋದರೆ ನಷ್ಟ ನಮ್ಮ ನಾಯಿಗೆ. ಹಾಗಾಗಿ ಏನು ಮಾಡಬೇಕು, ಎಂಥ ಮಾತಾಡಬೇಕು ಎಂಬುದನ್ನು ಒಂದೊಂದಾಗಿ ನೋಡುವ.

1. ಮನೆಯಿಂದ ಹೊರಡುವ ಮೊದಲು

ಪಾರ್ಕಿನ ಗೇಟಿನಲ್ಲಿರುವ ಬೋರ್ಡ್ ಓದಿ. ಎಲ್ಲ ಕಡೆ ಒಂದೇ ನಿಯಮ ಇರುವುದಿಲ್ಲ. ಉದಾಹರಣೆಗೆ, ಪಡುಬಿದ್ರಿ ಬೀಚಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್, ಅಂದರೆ ಸ್ವಚ್ಛ, ಸುರಕ್ಷಿತ ಬೀಚುಗಳಿಗೆ ಕೊಡುವ ಅಂತಾರಾಷ್ಟ್ರೀಯ ಮಾನ್ಯತೆ, ಸಿಕ್ಕಿತು. ನಾಯಿಗಳ ಓಡಾಟ ಬಿಗಿ ಹಿಡಿತದಲ್ಲಿ ಇರಬೇಕು ಅನ್ನುವುದು ಆ ಮಾನ್ಯತೆಯ ಷರತ್ತುಗಳಲ್ಲಿ ಒಂದು. ನಾಯಿ ತರಬಾರದ ಜಾಗಕ್ಕೆ ನಾವೇ ತಂದಿದ್ದರೆ ಆಮೇಲೆ ಎಷ್ಟು ನ್ಯಾಯ ಮಾತಾಡಿದರೂ ಯಾರೂ ಕೇಳುವುದಿಲ್ಲ.

ಚೈನೋ ಹಗ್ಗವೋ, ಐದಾರು ಅಡಿ ಸಾಕು. ಡಬ್ಬಿಯಿಂದ ಬಿಚ್ಚಿಕೊಳ್ಳುತ್ತಾ ಹೋಗುವ ಉದ್ದದ ಹಗ್ಗ ಜನ ಇರುವ ಜಾಗಕ್ಕೆ ಬೇಡ. ನಾಯಿ ಹದಿನೈದು ಅಡಿ ಮುಂದೆ ಹೋದ ಮೇಲೆ ಸಮಯಕ್ಕೆ ಸರಿಯಾಗಿ ಹಿಂದಕ್ಕೆ ಎಳೆಯಲು ಆಗುವುದಿಲ್ಲ. ಬೆಲ್ಟಿನ ಒಳಗೆ ಎರಡು ಬೆರಳು ತೂರಬೇಕು. ಅದಕ್ಕಿಂತ ಸಡಿಲ ಇದ್ದರೆ ಹೆದರಿದ ನಾಯಿ ಹಿಂದಕ್ಕೆ ಸರಿದು ತಲೆ ಬಿಡಿಸಿಕೊಂಡು ಓಡುತ್ತದೆ. ಲಸಿಕೆ ಕಾರ್ಡಿನ ಫೋಟೋ ಫೋನಿನಲ್ಲಿ ಇರಲಿ. ಗಲೀಜು ತೆಗೆಯಲು ಹಳೆ ಪೇಪರ್, ಒಂದು ಚೀಲ ಜೇಬಿನಲ್ಲಿ ಇರಲಿ.

2. ದೂರದಿಂದಲೇ ನೋಡಿಕೊಳ್ಳಿ

ಕಚ್ಚಾಟಕ್ಕೆ ಮೊದಲೇ ನಾಯಿಗಳು ಬೇಕಾದಷ್ಟು ಹೇಳಿರುತ್ತವೆ. ಬಾಲ ಆಡಿಸಿದರೆ ಖುಷಿ ಅಂತ ನಾವು ತಿಳಿಯುತ್ತೇವೆ. ಮೈಯೆಲ್ಲ ಸಡಿಲವಾಗಿ, ಸೊಂಟದ ಸಮೇತ ಬಾಲ ಆಡಿದರೆ ಖುಷಿಯೇ. ಬಾಲ ಮೇಲಕ್ಕೆ ಸೆಟೆದು, ತುದಿ ಮಾತ್ರ ಬೇಗ ಬೇಗ ಆಡುತ್ತಾ, ಬಾಯಿ ಮುಚ್ಚಿ, ಕಣ್ಣು ಒಂದೇ ಕಡೆ ನೆಟ್ಟಿದ್ದರೆ ಅದು ಬೇರೆ. ಹೆದರಿದ ನಾಯಿ ಸುಮ್ನೆ ತುಟಿ ನೆಕ್ಕುತ್ತದೆ, ಆಕಳಿಸುತ್ತದೆ, ಮುಖ ತಿರುಗಿಸಿ ಕಣ್ಣಿನ ಬಿಳಿ ಭಾಗ ತೋರಿಸುತ್ತದೆ. ಬೊಳ್ಳು ಮೊದಲು ತುಟಿ ನೆಕ್ಕುತ್ತಾನೆ. ಅದನ್ನು ಕಂಡ ಕೂಡಲೇ ನಾನು ದಾರಿ ಬದಲಿಸುತ್ತೇನೆ.

ನಾಯಿಗಳಿಗೆ ಮುಖಾಮುಖಿ ಬರುವುದು ಇಷ್ಟ ಇಲ್ಲ. ಚೈನ್ ಇಲ್ಲದಿದ್ದರೆ ಅವು ಬಳಸಿಕೊಂಡು ಬದಿಯಿಂದ ಬಂದು ಮೂಸುತ್ತವೆ. ಕದ್ರಿ ಪಾರ್ಕಿನ ಹೊರಗಿನ ರಸ್ತೆಯಲ್ಲೋ ಅಜ್ಜರಕಾಡಿನ ಹತ್ತಿರವೋ ಎರಡು ನಾಯಿಗಳನ್ನು ಎದುರೆದುರು ತಂದು ನಿಲ್ಲಿಸಿ "ಹಲೋ ಹೇಳು" ಅನ್ನುವುದು ನಮಗೆ ಚಂದ, ಅವಕ್ಕೆ ಹಿಂಸೆ. ಆಚೆ ಬದಿಗೆ ದಾಟಿ, ನಾಯಿಯನ್ನು ನಿಮ್ಮ ಇನ್ನೊಂದು ಬದಿಗೆ ತೆಗೆದುಕೊಂಡು ಸೀದಾ ನಡೆಯಿರಿ.

3. ಚೈನ್ ಇಲ್ಲದ ನಾಯಿ ಓಡಿ ಬಂದರೆ

ಓಡಬೇಡಿ. ಚೈನ್ ಬಿಗಿದು ಎಳೆಯಬೇಡಿ. ಬಿಗಿ ಆದ ಕೂಡಲೇ "ಏನೋ ಅಪಾಯ ಉಂಟು" ಅಂತ ನಿಮ್ಮ ನಾಯಿಗೆ ಗೊತ್ತಾಗುತ್ತದೆ. ತಪ್ಪಿಸಿಕೊಳ್ಳಲೂ ಆಗದು ಎಂದಾದಾಗ ಅದಕ್ಕೆ ಉಳಿಯುವುದು ಹಲ್ಲು ಮಾತ್ರ. ಸಣ್ಣ ನಾಯಿಯನ್ನು ಎತ್ತಿ ಎದೆಗೆ ಹಿಡಿದರೆ ಬಂದ ನಾಯಿ ನಿಮ್ಮ ಮೈಮೇಲೇ ಹಾರಬಹುದು. ನಿಮ್ಮ ನಾಯಿಯನ್ನು ಹಿಂದೆ ಮಾಡಿ, ನೀವು ನಡುವೆ ನಿಂತು, ಅಂಗೈ ಮುಂದೆ ಚಾಚಿ ಗಟ್ಟಿ ದನಿಯಲ್ಲಿ ಒಮ್ಮೆ "ಏಯ್, ನಿಲ್ಲು" ಅನ್ನಿ. ಜೇಬಿನಲ್ಲಿ ಬಿಸ್ಕೆಟ್ ಇದ್ದರೆ ಒಂದು ಹಿಡಿ ಅದರ ಮುಂದೆ ನೆಲಕ್ಕೆ ಎಸೆಯಿರಿ. ತುಂಬ ಸಲ ಅಷ್ಟರಲ್ಲೇ ಅದರ ತಲೆ ಕೆಳಗೆ ಹೋಗುತ್ತದೆ, ನಿಮಗೆ ಹತ್ತು ಹೆಜ್ಜೆ ದೂರ ಸಿಗುತ್ತದೆ.

ಕಚ್ಚಿಕೊಂಡೇ ಬಿಟ್ಟರೆ ನಡುವೆ ಕೈ ಹಾಕಬೇಡಿ. ಬೆಲ್ಟಿಗೂ ಕೈ ಹಾಕಬೇಡಿ. ಆ ಹೊತ್ತಿನಲ್ಲಿ ನಾಯಿಗೆ ನಮ್ಮ ಕೈ ಯಾವುದು, ಎದುರಾಳಿಯ ಕುತ್ತಿಗೆ ಯಾವುದು ಅಂತ ಗೊತ್ತಾಗುವುದಿಲ್ಲ. ಬಾಟಲಿ ನೀರು ಮುಖಕ್ಕೆ ಸುರಿಯಿರಿ, ಜೋರಾಗಿ ಸದ್ದು ಮಾಡಿ, ಕೊಡೆ ಇದ್ದರೆ ನಡುವೆ ಬಿಚ್ಚಿ. ಆಗಲೂ ಬಿಡದಿದ್ದರೆ ಇಬ್ಬರೂ ಯಜಮಾನರು ಒಟ್ಟಿಗೆ ತಮ್ಮ ತಮ್ಮ ನಾಯಿಯ ಹಿಂಗಾಲು ಎತ್ತಿ ಹಿಂದಕ್ಕೆ ನಡೆಯಬೇಕು. ಒಬ್ಬರೇ ಮಾಡಿದರೆ ಆ ನಾಯಿ ಸಿಕ್ಕಿಬಿದ್ದ ಹಾಗಾಗುತ್ತದೆ.

4. ಈಗ ಮಾತು

ಮೊದಲು ದೂರ, ಆಮೇಲೆ ಮಾತು. ನಾಯಿಗಳು ಒಂದಕ್ಕೊಂದು ಕಾಣುವಷ್ಟು ಹತ್ತಿರ ನಿಂತು ನೀವು ದನಿ ಎತ್ತಿದರೆ ಅವು ಮತ್ತೆ ಶುರು ಮಾಡುತ್ತವೆ. "ಮೊದಲು ನಾಯಿಗಳನ್ನು ದೂರ ಮಾಡುವ, ಆಮೇಲೆ ಮಾತಾಡುವ" ಅನ್ನಿ. ಇದಕ್ಕೆ ಬೇಡ ಅನ್ನುವವರು ಕಡಿಮೆ.

"ನಿಮಗೆ ನಾಯಿ ಸಾಕ್ಲಿಕ್ಕೆ ಗೊತ್ತಿಲ್ವಾ?" ಅಂತ ಕೇಳಿದರೆ ಅದು ನಾಯಿಯ ಪ್ರಶ್ನೆ ಅಲ್ಲವೇ ಅಲ್ಲ. ಅವರ ಮರ್ಯಾದೆಯ ಪ್ರಶ್ನೆ. ಅದಕ್ಕೆ ಉತ್ತರವಾಗಿ ಜಗಳ ಮಾತ್ರ ಬರುತ್ತದೆ. "ಸರ್, ನನ್ನ ನಾಯಿಗೆ ಹೆದರಿಕೆ ಜಾಸ್ತಿ, ಸ್ವಲ್ಪ ಚೈನ್ ಹಾಕ್ತೀರಾ?" ಅಂದರೆ ತಪ್ಪು ಯಾರದ್ದು ಅನ್ನುವ ಮಾತೇ ಬರುವುದಿಲ್ಲ. ಅವರ ಕೈಗೆ ಒಂದು ಕೆಲಸ ಕೊಟ್ಟ ಹಾಗೆ ಆಗುತ್ತದೆ. ಊರಿನವರು ಅಂತ ಕಂಡರೆ ತುಳುವಿನಲ್ಲೇ ಹೇಳಿ: "ಅಣ್ಣಾ, ಒಂತೆ ನಾಯಿನ್ ಪತ್ತ್‌ಲೆ" (ಅಣ್ಣಾ, ಸ್ವಲ್ಪ ನಾಯಿಯನ್ನು ಹಿಡಿದುಕೊಳ್ಳಿ). ಅಣ್ಣ ಅಂತ ಶುರು ಮಾಡಿದ ಮೇಲೆ ಬೈಯುವುದು ನಮಗೂ ಕಷ್ಟ, ಅವರಿಗೂ ಕಷ್ಟ.

ಹಾಗೆ ಹೇಳಿದರೂ ಕೆಲವರು ಏರಿ ಬರುತ್ತಾರೆ. ಉತ್ತರ ಕೊಡಬೇಡಿ. ಒಂದೇ ವಾಕ್ಯ ಹೇಳಿ ಹೊರಟುಬಿಡಿ. ಫೋನ್ ಅವರ ಮುಖಕ್ಕೆ ಹಿಡಿದು ವಿಡಿಯೋ ಮಾಡಬೇಡಿ. ದೂರ ಹೋದ ಮೇಲೆ ನಾಯಿಯ ಒಂದು ಫೋಟೋ ಸಾಕು. ಸುತ್ತ ಸೇರಿದ ಜನರನ್ನು ಪಂಚಾತಿಕೆಗೆ ಕರೆಯುವುದೂ ಬೇಡ. ನಾಯಿ ಕಂಡರಾಗದವರು ಅವರಲ್ಲಿ ಇದ್ದೇ ಇರುತ್ತಾರೆ. "ಇಲ್ಲಿಗೆ ನಾಯಿ ತರುವುದನ್ನೇ ನಿಲ್ಲಿಸಬೇಕು" ಅಂತ ಒಬ್ಬರು ಅಂದರೆ ಸಾಕು, ಇಬ್ಬರು ಯಜಮಾನರೂ ಸೋತ ಹಾಗೆ.

ತಪ್ಪು ನಮ್ಮ ನಾಯಿಯದ್ದಾದರೆ "ಆದರೆ" ಅನ್ನುವ ಪದ ಬಾಯಿಂದ ಬರಬಾರದು. "ನನ್ನ ನಾಯಿಯದ್ದೇ ತಪ್ಪು. ಲಸಿಕೆ ಕಾರ್ಡ್ ಇಲ್ಲಿದೆ, ಫೋಟೋ ತೆಗೆದುಕೊಳ್ಳಿ. ಡಾಕ್ಟರ್ ಖರ್ಚು ನಾನು ಕೊಡುತ್ತೇನೆ." ಅಷ್ಟೇ. ಸಂಜೆ ಫೋನ್ ಮಾಡಿ "ಹೇಗಿದೆ ಈಗ?" ಅಂತ ಕೇಳಿ. ಇಷ್ಟು ಸಣ್ಣ ಊರಿನಲ್ಲಿ ನಾಳೆ ಮತ್ತೆ ಅದೇ ಮುಖ ಎದುರು ಬರುತ್ತದೆ, ಅಲ್ವಾ?

5. ಗಾಯ ಆಗಿದ್ದರೆ

ಮನುಷ್ಯರಿಗೆ ಹಲ್ಲು ತಾಗಿದ್ದರೆ, ಬರೀ ಪರಚಿದ್ದರೂ ಸರಿ, ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆಯಬೇಕು. ಅರಿಶಿನ, ಸುಣ್ಣ, ಮೆಣಸಿನ ಪುಡಿ ಯಾವುದೂ ಬೇಡ. ಅದೇ ದಿನ ಮಂಗಳೂರಿನಲ್ಲಾದರೆ ವೆನ್ಲಾಕ್ ಆಸ್ಪತ್ರೆಗೆ, ಉಡುಪಿಯಲ್ಲಾದರೆ ಜಿಲ್ಲಾ ಆಸ್ಪತ್ರೆಗೆ ಹೋಗಿ. ಚರ್ಮದೊಳಗೆ ಕೊಡುವ ರೇಬೀಸ್ ಚುಚ್ಚುಮದ್ದು ಮೊದಲ ದಿನ ಒಂದು ಸಲ ಆದರೆ, ಆಮೇಲೆ 3, 7 ಮತ್ತು 28 ದಿನ ಕಳೆದ ಮೇಲೆ ಇರುತ್ತದೆ. ಆಳದ ಗಾಯವಾದರೆ ಗಾಯಕ್ಕೇ ಕೊಡುವ ಇನ್ನೊಂದು ಔಷಧವೂ ಬೇಕಾಗಬಹುದು. ಕಚ್ಚಿದ ನಾಯಿ 10 ದಿನ ಆರೋಗ್ಯವಾಗಿಯೇ ಇದ್ದರೆ, ಕಚ್ಚಿದಾಗ ಅದರ ಜೊಲ್ಲಿನಲ್ಲಿ ರೇಬೀಸ್ ಇರಲಿಲ್ಲ ಅಂತ ಅರ್ಥ. ಅದಕ್ಕಾಗಿಯೇ ಆ ಫೋನ್ ನಂಬರ್ ಅಷ್ಟು ಮುಖ್ಯ. 10 ದಿನ ನೋಡೋಣ ಅಂತ ಚುಚ್ಚುಮದ್ದು ಮಾತ್ರ ಮುಂದೂಡಬೇಡಿ.

ನಾಯಿಗೆ ಗಾಯ ಆದರೆ ಕೂದಲು ಸರಿಸಿ ನೋಡಿ. ಕೋರೆಹಲ್ಲಿನ ತೂತು ಮೇಲೆ ಸಣ್ಣದು, ಒಳಗೆ ಆಳ. ಅದು ಎರಡು ಮೂರು ದಿನದಲ್ಲಿ ಕೀವಾಗಬಹುದು. ಪಶುವೈದ್ಯರಿಗೆ ತೋರಿಸಿ, ಲಸಿಕೆಯ ಬಗ್ಗೆಯೂ ಕೇಳಿ.

ಒಬ್ಬರೇ ಯಜಮಾನರು ಮತ್ತೆ ಮತ್ತೆ ನಾಯಿ ಬಿಟ್ಟು, ಮಕ್ಕಳ ಮೇಲೆ ಹಾರುವವರೆಗೆ ಬಂದರೆ ಕಾನೂನಿನ ದಾರಿ ಉಂಟು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಂ ಪ್ರಕಾರ, ತನ್ನ ಪ್ರಾಣಿಯಿಂದ ಮನುಷ್ಯರ ಜೀವಕ್ಕೆ ಅಪಾಯ ಅಥವಾ ತೀವ್ರ ಗಾಯ ಆಗದಂತೆ ಜಾಗ್ರತೆ ವಹಿಸದವರಿಗೆ 6 ತಿಂಗಳವರೆಗೆ ಜೈಲು, 5,000 ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ದಿನಾಂಕ, ಸಮಯ, ಜಾಗ ಬರೆದಿಟ್ಟುಕೊಂಡು ಠಾಣೆಗೆ ಹೋಗಿ. ಜೀವಕ್ಕೇ ಅಪಾಯ ಅನ್ನಿಸಿದರೆ 112. ಸಿಟ್ಟಿನಲ್ಲಿ ಆ ನಾಯಿಗೆ ಕಲ್ಲು ಹೊಡೆಯುವುದು, ವಿಷ ಇಡುವುದು ಮಹಾಪಾಪ. ಪ್ರಾಣಿಯನ್ನು ಕೊಂದರೆ, ವಿಷ ಇಟ್ಟರೆ, ಅಂಗ ಊನ ಮಾಡಿದರೆ ಅದೇ ಸಂಹಿತೆಯ 325ನೇ ಕಲಂ ಅಡಿ 5 ವರ್ಷದವರೆಗೆ ಜೈಲಾಗಬಹುದು.

6. ಮರುದಿನ

ಹೆದರಿದ ನಾಯಿಯನ್ನು ಮರುದಿನವೇ ಅದೇ ಜಾಗಕ್ಕೆ ಕರೆದೊಯ್ಯಬೇಡಿ. ಎರಡು ಮೂರು ದಿನ ಮನೆ ಹತ್ತಿರದ ಓಣಿಯಲ್ಲೇ ತಿರುಗಾಡಿಸಿ. ಆಮೇಲೆ, ಆ ಇನ್ನೊಬ್ಬರು ಒಪ್ಪಿದರೆ, ಎರಡೂ ನಾಯಿಗೆ ಚೈನ್ ಹಾಕಿ ಮೂವತ್ತು ಹೆಜ್ಜೆ ಅಂತರದಲ್ಲಿ ಒಂದೇ ದಿಕ್ಕಿಗೆ ನಡೆಸಿ. ನಿಲ್ಲಿಸುವುದು, ಮೂಸಿಸುವುದು ಯಾವುದೂ ಬೇಡ. ಇಬ್ಬರ ನಾಯಿಯೂ ನೆಲ ಮೂಸುತ್ತಾ ಆರಾಮಾಗಿ ಹೋಗುತ್ತಿದ್ದರೆ ಮಾತ್ರ ಮುಂದಿನ ಸಲ ಸ್ವಲ್ಪ ಹತ್ತಿರ.

ತಣ್ಣೀರುಬಾವಿಯ ಆ ಯಜಮಾನರು ಮೂರು ವಾರದ ಮೇಲೆ ಸಿಕ್ಕಿದರು. "ಅಣ್ಣಾ, ಅವತ್ತು ನಾನು ಜಾಸ್ತಿ ಮಾತಾಡಿದೆ" ಅಂದೆ. ಅವರು ಮೊದಲು ನಾಯಿಗೆ ಚೈನ್ ಹಾಕಿದರು, ಆಮೇಲೆ ಜೇಬಿನಿಂದ ಫೋನ್ ತೆಗೆದು ಲಸಿಕೆ ಕಾರ್ಡ್ ತೋರಿಸಿದರು. ಈಗ ಭಾನುವಾರ ಭಾನುವಾರ ಒಟ್ಟಿಗೆ ನಡೆಯುತ್ತೇವೆ. ಎರಡು ನಾಯಿಗಳ ನಡುವೆ ಹತ್ತು ಹೆಜ್ಜೆ. ಅದಕ್ಕಿಂತ ಹತ್ತಿರ ಬೊಳ್ಳು ಇನ್ನೂ ಒಪ್ಪಿಲ್ಲ, ನಾವೂ ಒತ್ತಾಯ ಮಾಡಿಲ್ಲ.